ದೆವ್ವ ಅವರದ್ದು, ಖರ್ಚು ನಮ್ಮದು

"ಏನಿದೆ ರೀ ಅದ್ರಲ್ಲಿ? ಒಂದು ಬಾಗಿಲು ಅಲ್ಲಾಡುತ್ತೆ, ಅಷ್ಟೇ!" ಅಂದ್ರಿ ತಾನೆ, 'ಪ್ಯಾರಾನಾರ್ಮಲ್ ಆಕ್ಟಿವಿಟಿ' ನೋಡಿ? ನಿಮ್ಮನ್ನೇ ಕೇಳ್ತಿರೋದು, ಆ ಕಡೆ ಯಾಕೆ ನೋಡ್ತೀರಿ? ಕ್ಯಾಂಟೀನಿನಲ್ಲಿ ವಡೆ ಮುರೀತಾ ಅಷ್ಟು ಜೋರಾಗಿ ಹೇಳಿದೋರು, ಹಿಂದಿನ ರಾತ್ರಿ ಬಾತ್‌ರೂಮಿಗೆ ಹೋಗೋಕೆ ಮನೆಯವರನ್ನ ಯಾಕೆ ಎಬ್ಬಿಸಿದ್ರಿ? (ಅವರೇ ಹೇಳಿದ್ದು. ಬೇರೆ ಯಾರ ಹತ್ರಾನೂ ಹೇಳಿಲ್ಲ ಬಿಡಿ, ಇನ್ನೂ.)

ನಿಮ್ಮ ತಕರಾರು ಏನು ಅಂತ ನಂಗೊತ್ತು. ದೆವ್ವ ಅಂದ್ರೆ ಕಣ್ಣಿಗೆ ಕಾಣಬೇಕು. ರಾಮ್ಸೆ ಸೋದರರ 'ಪುರಾನಾ ಮಂದಿರ್' (1984) ಥರ ಹಳೇ ಹವೇಲಿ, ನೆಲದ ಮೇಲೆ ಹೊಗೆ, ಏಳಡಿ ಆಳು, ಮುಖದ ತುಂಬ ಕೇಜಿಗಟ್ಲೆ ಮೇಕಪ್ಪು. ಟಿಕೆಟ್ ದುಡ್ಡಿಗೆ ಅಷ್ಟಾದ್ರೂ ಬೇಡ್ವಾ? ಇಲ್ಲಿ ನೋಡಿದ್ರೆ ಗಂಡು ಹೆಣ್ಣು ಇಬ್ರು ಗೊರಕೆ ಹೊಡೀತಾ ಮಲಗಿರ್ತಾರೆ, ನಾವು ಕಾವಲು ಕಾಯ್ತಾ ಕೂತಿರ್ತೀವಿ.

ಮಾಡಿದೋನು ಓರನ್ ಪೆಲಿ. ಇಸ್ರೇಲಿನಲ್ಲಿ ಹುಟ್ಟಿದೋನು, ಅಮೆರಿಕದಲ್ಲಿ ವಿಡಿಯೊ ಗೇಮಿನ ಪ್ರೋಗ್ರಾಮ್ ಬರೀತಿದ್ದೋನು. ಅದಕ್ಕೂ ಮುಂಚೆ ಒಂದು ಸಿನಿಮಾನೂ ಮಾಡಿದೋನಲ್ಲ. 2006ರಲ್ಲಿ ಸ್ಯಾನ್ ಡಿಯಾಗೋದ ತನ್ನ ಸ್ವಂತ ಮನೇಲೇ ಒಂದು ವಾರದಲ್ಲಿ ಶೂಟಿಂಗ್ ಮುಗಿಸಿಬಿಟ್ಟ. ಖರ್ಚು ಸುಮಾರು 15,000 ಡಾಲರು, ಆಗಿನ ಲೆಕ್ಕದಲ್ಲಿ ಏಳು ಲಕ್ಷ ರೂಪಾಯಿ ಹತ್ತಿರ. (ಅಷ್ಟರಲ್ಲಿ ನಮ್ಮ ಕಡೆ ಛತ್ರದವನು ಅಡ್ವಾನ್ಸ್ ತಗೊಂಡು "ಊಟದ್ದು ಬೇರೆ ಸಾರ್" ಅಂತಾನೆ.)

ಸೆಟ್ ಹಾಕೋ ಬದಲು ಮನೆಗೇ ಹೊಸ ಕಾರ್ಪೆಟ್ಟು ಹಾಕಿಸ್ದ. ಡೈಲಾಗ್ ಬರೆದು ಕೊಡಲಿಲ್ಲ, ಸನ್ನಿವೇಶ ಹೇಳಿ ಮಾತಾಡ್ಕೊಳ್ಳಿ ಅಂದ. ಪಾತ್ರಗಳಿಗೆ ಹೊಸ ಹೆಸರೂ ಇಡಲಿಲ್ಲ. ಕೇಟಿ ಫೆದರ್‌ಸ್ಟನ್ ತೆರೆ ಮೇಲೂ ಕೇಟಿ, ಮೈಕಾ ಸ್ಲೋಟ್ ಅಲ್ಲೂ ಮೈಕಾ. ಕ್ಯಾಮೆರಾಮನ್ನಿನ ಕೆಲಸವೂ ಬಹುಪಾಲು ಹೀರೋ ಮೈಕಾನದ್ದೇ. ಇಂಥ ಜುಗ್ಗ ನಿರ್ಮಾಪಕ ಗಾಂಧಿನಗರದಲ್ಲೂ ಸಿಗಲ್ಲ.

ಇನ್ನು ದೆವ್ವದ ಸೀನಿಗೆ ಎಷ್ಟು ಖರ್ಚು ಮಾಡಿರಬಹುದು, ಹೇಳಿ ನೋಡೋಣ? ಮಲಗೋ ಮುಂಚೆ ಮೈಕಾ ಓಣಿಯಂಥ ಜಾಗದಲ್ಲಿ ಪೌಡರ್ ಚೆಲ್ತಾನೆ. ಬೆಳಗಿನ ಜಾವ ಅದರ ಮೇಲೆ ಹೆಜ್ಜೆ ಗುರುತು! ಮನುಷ್ಯರದ್ದಲ್ಲ, ಮೂರೇ ಬೆರಳಿನದ್ದು. ಒಂದು ಡಬ್ಬಿ ಪೌಡರಿನಲ್ಲಿ ಅವನು ಮುಗಿಸಿದ ಕೆಲಸ ಇದು.

ಆದ್ರೆ ನಿಜವಾದ ಕಿತಾಪತಿ ಇರೋದು ಆ ಬೆಡ್‌ರೂಮಿನ ಕ್ಯಾಮೆರಾದಲ್ಲಿ. ಸ್ಟ್ಯಾಂಡಿನ ಮೇಲೆ ನಿಂತಿದೆ, ಅಲ್ಲಾಡಲ್ಲ. ಬಲಗಡೆ ಮಂಚ, ಎಡಗಡೆ ತೆರೆದ ಬಾಗಿಲು, ಅದರಾಚೆ ಕತ್ತಲೆ. ಮೂಲೇಲಿ ಗಡಿಯಾರದ ಅಂಕಿ ಓಡ್ತಿದೆ. ಮಾಮೂಲಿ ಸಿನಿಮಾದಲ್ಲಿ ಎಲ್ಲಿ ನೋಡಬೇಕು ಅಂತ ಡೈರೆಕ್ಟರ್ ತೋರಿಸ್ತಾನೆ. ಇಲ್ಲಿ ಅವನು ಕೈಕಟ್ಟಿ ಕೂತ. ಹುಡುಕೋ ಕೆಲಸ ನಿಮ್ಮ ತಲೆಗೆ ಬಂತು.

ಆಗ ನೀವೇನು ಮಾಡಿದ್ರಿ? ಬಾಗಿಲು ನೋಡಿದ್ರಿ. ಹೊದಿಕೆ ನೋಡಿದ್ರಿ. ಮಂಚದ ಕಾಲು ನೋಡಿದ್ರಿ. ಆಮೇಲೆ "ಆ ಮೂಲೇಲಿ ಏನೋ ಕಪ್ಪಗಿದೆ ಅಲ್ವಾ?" ಅಂತ ಪಕ್ಕದೋರ ಮೊಣಕೈ ಹಿಂಡಿದ್ರಿ. ಅಲ್ಲಿ ಏನೂ ಇರಲಿಲ್ಲ ಸ್ವಾಮಿ! ಅದು ನೀವೇ ಕೂರಿಸಿದ ದೆವ್ವ, ಪೆಲಿ ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ.

ಅಂಕಿ ಓಡೋ ವೇಗ ಗಮನಿಸಿದ್ರಾ? ಗಂಟೆಗಟ್ಟಲೆ ಸರ್ರನೆ ಓಡುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಮಾಮೂಲಿ ವೇಗಕ್ಕೆ ಬರುತ್ತೆ. ಎರಡು ಸಲ ಆಗೋಷ್ಟರಲ್ಲಿ ನಿಮ್ಮ ಮೈಗೆ ಪಾಠ ಆಗೋಗಿರುತ್ತೆ: ಓಟ ನಿಂತ್ರೆ ಏನೋ ಕಾದಿದೆ. ಕೇಟಿ ನಿದ್ದೆಗಣ್ಣಲ್ಲಿ ಎದ್ದು ಮೈಕಾನ ಪಕ್ಕದಲ್ಲಿ ಸುಮ್ಮನೆ ನಿಂತು ಅವನನ್ನೇ ನೋಡ್ತಾಳಲ್ಲ, ಗಂಟೆಗಟ್ಟಲೆ? ಮೇಕಪ್ಪಿಲ್ಲ, ರಕ್ತ ಇಲ್ಲ, ಬರೀ ನಿಂತಿದ್ದಾಳೆ. ಅಲ್ಲಿ ತಾನೆ ನೀವು "ಟೀ ಇಡ್ತೀನಿ" ಅಂತ ಎದ್ದದ್ದು? (ಪಾಪ್‌ಕಾರ್ನ್ ಮುಗಿದಿರಲಿಲ್ಲ, ನಾನು ನೋಡಿದೀನಿ.)

ಇನ್ನೊಂದು ಅಭಿಪ್ರಾಯ ನಿಮ್ಮದು: "ಆ ಮೈಕಾ ಶುದ್ಧ ಪೆದ್ದ." ಒಪ್ಪಿದೆ. ಎಂಟು ವರ್ಷದ ಹುಡುಗಿ ಆಗಿದ್ದಾಗಿಂದ ಇದು ನನ್ನ ಬೆನ್ನು ಬಿದ್ದಿದೆ ಅಂತ ಕೇಟಿ ಹೇಳ್ತಾಳೆ, ಮನೆಗೆ ಬಂದ ತಜ್ಞ ಅದನ್ನ ಕೆಣಕಬೇಡಿ ಅಂತಾನೆ. ಇವನು ಬೇಡ ಅಂದ್ರೂ ದೆವ್ವದ ಜೊತೆ ಮಾತಾಡೋ ಊಯಿಜಾ ಬೋರ್ಡನ್ನೇ ತಂದು ಹರಡ್ತಾನೆ. ನನ್ನ ಮನೆ, ನನ್ನ ಹುಡುಗಿ, ನಾನೇ ಸರಿಮಾಡ್ತೀನಿ ಅನ್ನೋ ಧಿಮಾಕು. ಆದ್ರೆ ನೀವು ನಗೋ ಮುಂಚೆ ಒಂದು ಮಾತು: ಅಡುಗೆಮನೆ ನಲ್ಲಿ ಸೋರಿದಾಗ ಪ್ಲಂಬರ್ ಬೇಡ ಅಂತ ಯೂಟ್ಯೂಬ್ ನೋಡ್ಕೊಂಡು ಸ್ಪ್ಯಾನರ್ ಹಿಡಿದು ಮನೆಯೆಲ್ಲ ನೀರು ಮಾಡಿದೋರು ಯಾರು? ಮೈಕಾನಿಗೆ ಸಿಕ್ಕಿದ್ದು ದೆವ್ವ, ನಿಮಗೆ ನಲ್ಲಿ.

"ಮನೆ ಬಿಟ್ಟು ಹೋಗಬಾರದಿತ್ತಾ?" ಅಂತ ಎಲ್ಲರೂ ಕೇಳ್ತಾರೆ. ಹೋದ್ರೂ ಅದು ಹಿಂದೇನೇ ಬರುತ್ತೆ ಅಂತ ಸಿನಿಮಾದಲ್ಲೇ ಹೇಳಿಬಿಟ್ಟಿದ್ದಾರೆ, ನೀವು ಮೊಬೈಲ್ ನೋಡ್ತಿದ್ರಿ. ಅದಿರಲಿ, ನೀವಾಗಿದ್ರೆ ಬಿಡ್ತಿದ್ರಾ? ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಕೂತೋರು ಪಿಶಾಚಿ ಬಂದ್ರೆ "ಬಾಡಿಗೇಲಿ ಪಾಲು ಕೊಡ್ತೀಯಾ?" ಅಂತ ಕೇಳೋ ಜನ. ತೊಂಬತ್ತರ ದಶಕದಲ್ಲಿ ಇದೇ ಊರಿನ ಮನೆ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನೆನಪಿದೆ ತಾನೆ? ರಾತ್ರಿ ಬಂದ ದೆವ್ವ ಅದನ್ನ ಓದಿ ಮರ್ಯಾದೆಯಾಗಿ ವಾಪಸ್ ಹೋಗಬೇಕು. ಅಷ್ಟು ವಿಧೇಯ ದೆವ್ವ ಸ್ಯಾನ್ ಡಿಯಾಗೋದಲ್ಲಿ ಎಲ್ಲಿ ಸಿಗಬೇಕು!

ಹೆದರಿದ್ದು ನೀವೊಬ್ರೇ ಅಂತ ನಾಚ್ಕೋಬೇಡಿ. ಇದರ ಡಿವಿಡಿ ಸ್ಟೀವನ್ ಸ್ಪೀಲ್‌ಬರ್ಗ್ ಮನೆಗೆ ಹೋಗಿತ್ತಂತೆ. ನೋಡಿ ಮುಗಿಸೋ ಹೊತ್ತಿಗೆ ಖಾಲಿ ರೂಮಿನ ಬಾಗಿಲು ಒಳಗಿಂದ ಲಾಕ್ ಆಗಿತ್ತಂತೆ, ಮಾರನೇ ದಿನ ಡಿವಿಡೀನ ಕಸದ ಚೀಲದಲ್ಲಿ ಸುತ್ತಿ ವಾಪಸ್ ತಂದರಂತೆ. ಮೂರು 'ಅಂತೆ' ಇದೆ, ಪ್ರಚಾರದ ವಾಸನೆ ನನಗೂ ಹೊಡೀತು. ಆದ್ರೆ ನೀವು ನೋಡಿದ ಕೊನೇ ಸೀನು ಅವರ ಸಲಹೆಯಿಂದಲೇ ಬದಲಾಗಿದ್ದು. ಕ್ಯಾಮೆರಾ ಮೇಲೇ ಎಗರಿ ಬಂತಲ್ಲ, ನಿಮ್ಮ ಚಪ್ಪಲಿ ಹಾರಿದ್ದು ಆಗಲೇ.

ಮಾರಿದ ಬಗೆ ಕೇಳಿ, ಇನ್ನೂ ಮಜಾ. ಟ್ರೇಲರಿನಲ್ಲಿ ದೆವ್ವಕ್ಕಿಂತ ಜಾಸ್ತಿ ತೋರಿಸಿದ್ದು ಪ್ರೇಕ್ಷಕರನ್ನ! ಕತ್ತಲೇಲಿ ಬಾಯಿ ಬಿಟ್ಟು, ಕಣ್ಣು ಮುಚ್ಚಿ, ಸೀಟಿನಿಂದ ಎಗರ್ತಿರೋ ಜನ. 2009ರಲ್ಲಿ ಮೊದಲು ಕೆಲವೇ ಕಾಲೇಜು ಊರುಗಳಲ್ಲಿ ಮಧ್ಯರಾತ್ರಿ ಶೋ ಹಾಕಿ, ನಿಮ್ಮೂರಿಗೂ ಬೇಕಾದ್ರೆ ಆನ್‌ಲೈನಿನಲ್ಲಿ ಓಟು ಹಾಕಿ ಅಂದ್ರು. ಹತ್ತು ಲಕ್ಷ ಓಟು ಬಿತ್ತು. ನಮ್ಮನ್ನೂ ಹೆದರಿಸಿ ಅಂತ ಅರ್ಜಿ ಹಾಕಿದ ಜನ ಕಣ್ರೀ! ಲೋಕದಲ್ಲೆಲ್ಲ ಸೇರಿ ಗಳಿಕೆ 19 ಕೋಟಿ ಡಾಲರಿಗೂ ಮೇಲೆ.

ಇಷ್ಟಾದ್ರೂ "ಬೋರು" ಅಂತೀರಾ? ಅನ್ನಿ. ಹಗಲು ಹೊತ್ತು, ಕಿಟಕಿ ತೆಗೆದು, ಕುಕ್ಕರ್ ಕೂಗೋ ಸದ್ದಿನಲ್ಲಿ ನೋಡಿದೋರಿಗೆ ನಿಜವಾಗ್ಲೂ ಬೋರೇ. ಖಾಲಿ ರೂಮಿನ ಮೌನ ಕೇಳಿಸದಿದ್ರೆ ಈ ಚಿತ್ರದಲ್ಲಿ ಉಳಿಯೋದು ಆ ಇಬ್ಬರ ಜಗಳ ಒಂದೇ, ಅದು ನಿಮ್ಮನೇಲೂ ಪುಕ್ಕಟೆ ಸಿಗುತ್ತೆ. ನಡುಭಾಗ ಎಳೆದಿದ್ದಾರೆ ಅಂದ್ರೆ ನಾನೂ ತಲೆ ಆಡಿಸ್ತೀನಿ.

ಧೈರ್ಯ ಅಷ್ಟೊಂದಿದ್ರೆ ಮೂರನೇ ಭಾಗ (2011) ನೋಡಿ, ನನ್ನ ಪ್ರಕಾರ ಅದು ಮೊದಲನೇದಕ್ಕಿಂತ ಕಿಲಾಡಿ. ಕಥೆ ನಡೆಯೋದು 1988ರಲ್ಲಿ. ಮದುವೆ ವಿಡಿಯೊ ತೆಗೆಯೋ ಡೆನಿಸ್ ಅನ್ನೋನು ತಿರುಗೋ ಟೇಬಲ್ ಫ್ಯಾನಿನ ತಲೆ ಬಿಚ್ಚಿ, ಬುಡದ ಮೇಲೆ ಕ್ಯಾಮೆರಾ ಕೂರಿಸ್ತಾನೆ. ಅದು ನಿಧಾನಕ್ಕೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ತಿರುಗ್ತಾನೇ ಇರುತ್ತೆ. ಈ ಕಡೆ ಇದ್ದಾಗ ಆ ಕಡೆ ಏನು ನಡೀತಿದೆ ಅಂತ ಗೊತ್ತಾಗಲ್ಲ. ಕತ್ತು ಎಷ್ಟು ತಿರುಗಿಸಿದ್ರೂ ಫ್ಯಾನಿಗೆ ನಿಮ್ಮ ಅವಸರ ತಿಳಿಯಲ್ಲ. ಬೇಸಿಗೇಲಿ ಟೇಬಲ್ ಫ್ಯಾನ್ ಇಲ್ದೆ ಮಲಗೋಕೆ ಆಗುತ್ತಾ ಅಂತ ಮೊದಲು ಯೋಚನೆ ಮಾಡಿ, ಆಮೇಲೆ ಪ್ಲೇ ಒತ್ತಿ.