ಸ್ನೂಪ್ ಎಂಬ ಕ್ರಿಯಾಪದಕ್ಕೆ ಬಹಿರಂಗ ಪತ್ರ

ಮಾನ್ಯ ಸ್ನೂಪ್ ಅವರೇ,

ಲಕೋಟೆ ಅಂಟಿಸಿ ಕಳಿಸಿದ್ದರೂ ನೀವು ಹಬೆ ಹಿಡಿದು ಬಿಡಿಸಿ ಓದುತ್ತಿದ್ದಿರಿ. ಆ ಶ್ರಮ ಬೇಡವೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಪೂರ್ವಾಶ್ರಮ ಗೊತ್ತಿದೆ. ಡಚ್ ಭಾಷೆಯಲ್ಲಿ ನೀವು ‘ಸ್ನೂಪನ್’ ಆಗಿದ್ದಿರಿ. ಸಿಹಿತಿಂಡಿಯನ್ನು ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಳ್ಳುವುದು ನಿಮ್ಮ ಕಸುಬು. ಅಲ್ಲಿನ ಮಕ್ಕಳಿಗೆ ಇವತ್ತಿಗೂ ‘ಸ್ನೂಪ್’ ಎಂದರೆ ಮಿಠಾಯಿಯೇ. 19ನೇ ಶತಮಾನದಲ್ಲಿ ಅಮೆರಿಕದ ಇಂಗ್ಲಿಷಿಗೆ ಸೇರಿದಿರಿ. ಡಬ್ಬಿಯ ಮುಚ್ಚಳ ತೆಗೆದು ಪಳಗಿದ ಕೈ ಆಮೇಲೆ ಪರರ ಕಾಗದಪತ್ರಗಳಿಗೂ ಹೋಯಿತು.

‘ಅರೌಂಡ್’ ಜೊತೆಗಿದ್ದರೆ ನೀವು ಅಲ್ಲಿ ಇಲ್ಲಿ ಇಣುಕುತ್ತ ಅಡ್ಡಾಡುತ್ತೀರಿ, ಅಷ್ಟೇ. ‘ಆನ್’ ಸೇರಿತೋ, ಒಬ್ಬನ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಕರ್ತೃಪದದ ವಿಷಯದಲ್ಲಿ ಮಾತ್ರ ನಿಮಗೆ ಬಹಳ ಮಡಿ. ಪಕ್ಕದ ಮನೆಯವರು, ಮೇಲಧಿಕಾರಿ, ಸರ್ಕಾರ ಎಲ್ಲರೂ ಸ್ನೂಪ್ ಮಾಡುತ್ತಾರೆ. ‘ನಾನು’ ಮಾತ್ರ ಸುಮ್ಮನೆ ನೋಡುತ್ತಿದ್ದೆ. ವ್ಯಾಕರಣದವರು ‘ನಾನು’ವಿಗೆ ಉತ್ತಮ ಪುರುಷ ಎಂದು ಹೆಸರಿಟ್ಟದ್ದು ಸುಮ್ಮನಲ್ಲ.

ನಿಮ್ಮ ದಾಯಾದಿ ‘ಪ್ರೈ’ಗೆ ಇಷ್ಟು ನಯ ಇರಲಿಲ್ಲ. 1825ರಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ಜಾನ್ ಪೂಲ್‌ನ ನಾಟಕದಲ್ಲಿ ಪಾಲ್ ಪ್ರೈ ಹೋದ ಕಡೆಯೆಲ್ಲ ಕೊಡೆಯನ್ನು ಬೇಕೆಂದೇ ಮರೆತು ಬರುತ್ತಾನೆ, ಅದನ್ನು ಒಯ್ಯುವ ನೆಪದಲ್ಲಿ ಮತ್ತೆ ಒಳಗೆ ನುಗ್ಗಲು. ಎಂಥ ಅಗ್ಗದ ಸಲಕರಣೆ!

ನೀವೋ ಸರ್ಕಾರಿ ಕೆಲಸ ಸಿಕ್ಕಿದ್ದೇ ಹೆಸರು ಬದಲಿಸಿಕೊಂಡಿರಿ. ಬ್ರಿಟನ್ನಿನ 2016ರ ಕಾಯ್ದೆಗೆ ‘ಇನ್ವೆಸ್ಟಿಗೇಟರಿ ಪವರ್ಸ್’ ಎಂಬ ಗಂಭೀರ ನಾಮಧೇಯ. ‘ಸ್ನೂಪರ್ಸ್ ಚಾರ್ಟರ್’ ಎಂದು ಹಳೇ ಹೆಸರು ಹಿಡಿದು ಕೂಗಿದವರು ವಿರೋಧಿಗಳು. ಕನ್ನಡ ಪತ್ರಿಕೆಗಳಿಗೆ ಆ ಮುಲಾಜಿಲ್ಲ, ‘ಕದ್ದಾಲಿಕೆ’ ಎಂದೇ ಬರೆಯುತ್ತವೆ. ಆ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಪದವಿಯೇ ಹೋಯಿತು. ಮುಂದೆ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇದರಿಂದೆಲ್ಲ ನೀವು ಕಂಗೆಡಬೇಕಿಲ್ಲ. ಈಗ ಟಾರ್ಚಿನ ಆ್ಯಪ್ ಕೂಡ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲೇ ಎಂದು ವಿನಯದಿಂದ ಕೇಳುತ್ತದೆ. ನಾವು ‘ಅಲೋ’ ಒತ್ತುತ್ತೇವೆ. ಮುಂದಿನ ನಿಘಂಟಿನಲ್ಲಿ ನಿಮ್ಮ ಅರ್ಥದಿಂದ ‘ಕದ್ದು’ ಎಂಬುದನ್ನು ಕೈಬಿಟ್ಟರೆ ದಯವಿಟ್ಟು ತಕರಾರು ಎತ್ತಬೇಡಿ.

ಇಂತಿ,
ಷರತ್ತುಗಳನ್ನು ಓದದೆ ಒಪ್ಪಿಕೊಂಡ
ನಿಮ್ಮ ವಿಶ್ವಾಸಿ