ಗುಲ್ಮಾರ್ಗ್ ಯೋಜನೆ: ಒಂದು ಮಾವ–ಅಳಿಯ ಸಂವಾದ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಮಾನ್ವಿಯಿಂದ, ಏಜೆಂಟರ ಹಂಗಿಲ್ಲದೆ, ಸಂಸಾರ ಸಮೇತ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ, ಆಡಬೇಕೆಂದು ನಿಶ್ಚಯಿಸಿದ ಅಳಿಯನಿಗೂ ದೇವದುರ್ಗದ ಅವನ ಮಾವನಿಗೂ ನಡೆದ ಚರ್ಚೆಯು ಯೋಜನಾಶಾಸ್ತ್ರದ ದೃಷ್ಟಿಯಿಂದ ಗಮನಾರ್ಹವಾಗಿದೆ.

“ಜಾರಾಕ ಅಷ್ಟು ದೂರ ಯಾಕ್ರಿ ಅಳಿಯಾರ? ನಾಟಿ ಗದ್ದಿಗೆ ಇಳೀರಿ, ಪುಕ್ಕಟ ಜಾರಬಹುದು.”

“ಅಲ್ಲಿ ಗೊಂಡೊಲಾ ಐತ್ರಿ ಮಾವಾರ.”

ಗೊಂಡೊಲಾ ಎಂಬುದು ತಂತಿಗೆ ತೂಗಿಕೊಂಡು ಮೊದಲು ಕೊಂಗ್‌ಡೂರಿಗೆ, ಬಳಿಕ ಅಫರ್ವಾಟ್ ಬೆಟ್ಟಕ್ಕೆ, ಹೀಗೆ ಎರಡು ಹಂತಗಳಲ್ಲಿ ಏರುವ ಡಬ್ಬಿ.

“ಹಿಮ ಯಾವಾಗ ಬೀಳ್ತದ?”

“ಡಿಸೆಂಬರಿನಿಂದ ಮಾರ್ಚಿನ ತನಕ.”

“ಡಿಸೆಂಬರಿಗೆ ಭತ್ತದ ರಾಶಿ, ಜನವರಿಗೆ ಕಾಲುವಿ ನೀರು ಬಿಟ್ರ ಎರಡನೇ ಬೆಳಿ, ಮಾರ್ಚಿಗೆ ಮೊಮ್ಮಗನ ಎಸ್ಸೆಸ್ಸೆಲ್ಸಿ. ಹಿಮಾನ ಮೇ ತಿಂಗಳಿಗೆ ಬೀಳಾಕ ಹೇಳ್ರಿ.”

ಸ್ವತಂತ್ರ ಯೋಜನೆಯಲ್ಲಿ ಏಜೆಂಟನೊಬ್ಬನ ಸ್ಥಾನವನ್ನು ಇಡೀ ಬೀಗರ ಬಳಗವೇ ತುಂಬುವುದರಿಂದ, ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ರಾಯಚೂರಿನಿಂದ ದಿಲ್ಲಿಗೆ ನಾಲ್ಕು ಟಿಕೆಟ್ ಎಂದು ಆರಂಭವಾದ ಲೆಕ್ಕವು ಸಂಜೆಯ ಹೊತ್ತಿಗೆ ಹದಿಮೂರಕ್ಕೆ ಮುಟ್ಟಿತು. ಖರ್ಚು ಮಾತ್ರ ಸ್ವತಂತ್ರವಾಗಿ ಅಳಿಯನದೇ ಆಗಿ ಉಳಿಯಿತು.

“ಅಂದಂಗ,” ಎಂದರು ಮಾವ, “ಆ ಡಬ್ಬಿಯೊಳಗ ಕಟಕ ರೊಟ್ಟಿ ಗಂಟು ಬಿಡ್ತಾರೇನು, ಕೇಳಿ ಬುಕ್ ಮಾಡ್ರಿ.”