ಮಾರ್ಜಾಲ ಗೃಹರಕ್ಷಾ ಮೀಮಾಂಸೆ: ಸೇಡಂ-ಚಿಂಚೋಳಿ ಪಾಠ

ಮೊದಲು ಗ್ರಂಥಪ್ರಯೋಜನ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಎರಡು ನದಿಗಳನ್ನು ಹಿಡಿದು ಕನ್ನಡನಾಡಿನ ಎಲ್ಲೆ ಗುರುತಿಸಿತು. ಬೆಕ್ಕಿನ ಎಲ್ಲೆಯನ್ನು ಮುಂದಿನವರಿಗೆ ಬಿಟ್ಟಿತು. ಮುಂದಿನವರು ನಾವು. ಇನ್ನು ಅಧಿಕಾರಿಗಳು: ಬೆಕ್ಕು ಸಾಕಿದವರು, ಮತ್ತು ಬೆಕ್ಕೇ ಬಂದು ಸೇರಿಕೊಂಡವರು. ಎರಡನೆಯವರೇ ಹೆಚ್ಚು.

ಪೂರ್ವಪಕ್ಷ ಶಹಾಬಾದಿನ ಅಜ್ಜಿಯರದು: "ಬೆಕ್ಕಿಗೇನಾಗ್ತದೋ ತಮ್ಮಾ, ಎಲ್ಲಿಂದ ಬಿದ್ರೂ ಕಾಲಮ್ಯಾಲೇ ನಿಲ್ತದ!" ಸಿದ್ಧಾಂತಿಯ ಉತ್ತರ: ನಿಲ್ಲುತ್ತದೆ, ಒಪ್ಪಿದೆ. ಬೀಳುವಾಗ ಗಾಳಿಯಲ್ಲೇ ಮೈ ತಿರುಗಿಸಿಕೊಳ್ಳುವ ವಿದ್ಯೆ ಮರಿ ಇದ್ದಾಗಲೇ ಕೈಗೂಡುತ್ತದೆ. ಆದರೆ ಕೆಳಗೆ ಹಾಸಿರುವುದು ಹಾಸಿಗೆಯಲ್ಲ, ಶಹಾಬಾದಿ ಫರಸಿ. ಕಾಲಮೇಲೆ ನಿಂತರೂ ಕಾಲು ಮುರಿಯಬಹುದು, ದವಡೆ ಒಡೆಯಬಹುದು. ಮೇ ತಿಂಗಳ ಧಗೆಗೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗಿದಾಗ ಬೆಕ್ಕು ಆರಿಸಿಕೊಳ್ಳುವುದು ಕುಂಬಿಯ ಅಂಚನ್ನೇ. ನಿದ್ದೆಯಲ್ಲಿ ಮಗ್ಗುಲಾದರೆ ವಿದ್ಯೆ ನೆನಪಾಗುವಷ್ಟರಲ್ಲಿ ನೆಲ ಬಂದಿರುತ್ತದೆ. ಆದ್ದರಿಂದ ಕುಂಬಿಗೆ ಗಟ್ಟಿ ಜಾಳಿಗೆ ಕಡ್ಡಾಯ. ಸೊಳ್ಳೆಪರದೆಯ ಜಾಳಿಗೆಯನ್ನು ಬೆಕ್ಕು ಅಡೆತಡೆಯೆಂದಲ್ಲ, ಏಣಿಯೆಂದು ಓದುತ್ತದೆ.

ವಾಡಿಯ ಸಿಮೆಂಟ್ ಕಾಲೊನಿಗಳಲ್ಲಿ ಕಿಟಕಿಯ ಸರಳು ಕುರಿತ ವಾದ ನಡೆದಿದೆ. ಸೂತ್ರ ಚಿಕ್ಕದು: ತಲೆ ಹೋದರೆ ಮೈ ಹೋಯಿತು. ಬೆಕ್ಕಿನ ಕೊರಳೆಲುಬು ಭುಜಕ್ಕೆ ಮೂಳೆಯಾಗಿ ಕೂಡಿಕೊಂಡಿಲ್ಲ, ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ತಲೆ ತೂರುವ ಇನ್ನೊಂದು ಕಡೆ ನೀರಿನ ಟಾಕಿ: ಅದರ ಬಾಯಿಗೆ ಒಂದು ಫರಸಿ ಮುಚ್ಚಿ. ಈ ಸೀಮೆಯಲ್ಲಿ ಅದು ಹುಡುಕಬೇಕಾದ ವಸ್ತುವಲ್ಲ.

ಚಿಂಚೋಳಿಯ ಕಾಡು ವನ್ಯಜೀವಿಧಾಮ. ಅಲ್ಲಿನ ಪ್ರಾಣಿಗೆ ಕಾನೂನಿನ ಕಾವಲುಂಟು. ಪಟ್ಟಣದ ಬೆಕ್ಕಿಗೆ ನಮ್ಮ ಶುಚಿತ್ವವೇ ಗಂಡಾಂತರ. ಕಪ್ಪು ಫಿನಾಯಿಲು ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಕ್ಕು ಅಷ್ಟು ದಡ್ಡ ಅಲ್ಲ, ಕುಡಿಯುವುದಿಲ್ಲ. ಒದ್ದೆ ಫರಸಿಯ ಮೇಲೆ ನಡೆಯುತ್ತದೆ, ಆಮೇಲೆ ಶಿಸ್ತಾಗಿ ಪಂಜ ನೆಕ್ಕುತ್ತದೆ. ನಮ್ಮ ಯಕೃತ್ತು ಸಲೀಸಾಗಿ ಹೊರಹಾಕುವ ಈ ಬಗೆಯ ವಿಷವನ್ನು ಅದರ ಯಕೃತ್ತು ಅರಗಿಸಲಾರದು. ಅದೇ ಕಾರಣಕ್ಕೆ ಜ್ವರದ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಪ್ರೀತಿಯಿಂದ ಕೊಟ್ಟರೂ ಫಲ ಅದೇ.

ಈಗ ತೊಗರಿ ಅಧ್ಯಾಯ, ಗ್ರಂಥದ ಹೃದಯ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಪಟ್ಟ ಸಿಕ್ಕಿತು. ಆ ತೊಗರಿಯನ್ನು ಇಲಿಯಿಂದ ಕಾಯಲು ಬೆಕ್ಕಿಗೆ ಮನೆಯಲ್ಲಿ ಪುಕ್ಕಟೆ ವಾಸ. ಹುಳದಿಂದ ಕಾಯಲು ಅದೇ ಚೀಲದಲ್ಲಿ ಕೀಟನಾಶಕ ಗುಳಿಗೆ. ಗುಳಿಗೆಗೆ ತೇವ ತಾಗಿದರೆ ಫಾಸ್ಫೀನ್ ಅನಿಲ ಏಳುತ್ತದೆ, ಅದಕ್ಕೆ ಹುಳ, ಬೆಕ್ಕು, ಮನುಷ್ಯ ಎಂಬ ಭೇದಭಾವವಿಲ್ಲ. ಬೆಕ್ಕಿಗೋ ಆ ಚೀಲಕ್ಕಿಂತ ಸುಖವಾದ ಮಂಚವಿಲ್ಲ. ಹೀಗೆ ಒಬ್ಬ ಕಾವಲುಗಾರನನ್ನು ಇನ್ನೊಬ್ಬ ಕೊಲ್ಲುವ ಏರ್ಪಾಡನ್ನು ನಾವೇ ಮಾಡಿ 'ಬೆಕ್ಕಿನ ಆಯುಷ್ಯ ಅಷ್ಟೇ ಇತ್ತು' ಎನ್ನುತ್ತೇವೆ. ಗುಳಿಗೆ ಹಾಕಿದ ಕಾಳು ಮಲಗುವ ಮನೆಯಲ್ಲಿ ಇರಕೂಡದು. ಈ ವಿಧಿಗೆ ವಿಕಲ್ಪವಿಲ್ಲ. ಇಲಿಪಾಷಾಣದ್ದೂ ಇದೇ ಕಥೆ: ಅದನ್ನು ತಿಂದ ಇಲಿ ಬೆಕ್ಕಿಗೆ ಸುಲಭದ ಬೇಟೆ.

ಕಡೆಗೆ ಪ್ರಮಾಣವಿಚಾರ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಹಿಡಿದದ್ದು ಮಾರ್ಜಾರ ನ್ಯಾಯ: ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಒಯ್ಯುತ್ತದೆ. ಹಾಗಾದರೆ ಮನೆ ಸುರಕ್ಷಿತವೋ ಅಲ್ಲವೋ ಎಂದು ತೀರ್ಪು ಕೊಡಬೇಕಾದದ್ದು ಈ ಗ್ರಂಥಕರ್ತನಲ್ಲ, ಬಾಣಂತಿ ಬೆಕ್ಕು. ಅದು ಮರಿಗಳನ್ನು ಏಳು ಮನೆ ಬದಲಿಸುತ್ತದೆ ಎಂಬ ಜನರ ಮಾತನ್ನು ಏಳು ಬಾರಿಯ ತಪಾಸಣೆ ಎಂದೇ ತಿಳಿಯತಕ್ಕದ್ದು. ಮರಿ ಕಾಣೆಯಾದರೆ ಪಕ್ಕದ ಮನೆಯವರೊಡನೆ ಜಗಳವಾಡದೆ ನಮ್ಮ ಮನೆ ನಪಾಸಾಯಿತೆಂದು ಒಪ್ಪಿಕೊಳ್ಳಬೇಕು. ಏಳು ಎಣಿಸುವಲ್ಲಿ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ವಾಡಿ ಪಂಥದವರು ರೈಲ್ವೆ ಕ್ವಾರ್ಟರ್ಸನ್ನೂ ಮನೆಯೆಂದೇ ಲೆಕ್ಕ ಹಿಡಿಯುತ್ತಾರೆ. ವರ್ಗವಾಗಿ ಹೋಗುವವರದು ಎಂಥ ಮನೆ ಎಂಬುದು ಚಿತ್ತಾಪುರ ಪಂಥದ ಆಕ್ಷೇಪ.